ಬ್ರಾಂಜರ್ ಇದ್ದರೆ ಕಾಂಟೂರ್ ಬೇಡವೇ?

ಪ್ರಶ್ನೆ: ನನ್ನ ಹತ್ತಿರ ಒಳ್ಳೆಯ ಬ್ರಾಂಜರ್ ಇದೆ. ಅದನ್ನೇ ಕೆನ್ನೆಯ ಕೆಳಗೆ ಹಚ್ಚಿಕೊಂಡರೆ ಕಾಂಟೂರ್ ಆಗುವುದಿಲ್ಲವೇ? ಎರಡೂ ಕಂದು ಪೌಡರ್ ತಾನೆ?

ಇದಕ್ಕೆ ಎಷ್ಟನೇ ಸಲ ಉತ್ತರ ಬರೆಯುತ್ತಿದ್ದೇನೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. ಅವಸರದಲ್ಲಿರುವವರಿಗೆ ಮೊದಲು ಚಿಕ್ಕ ಉತ್ತರ. ಬ್ರಾಂಜರ್ ಬಿಸಿಲಿನ ಕೆಲಸ ಮಾಡುತ್ತದೆ, ಮುಖಕ್ಕೆ ಬಿಸಿಲಿನ ಕಳೆ ಕೊಡುತ್ತದೆ. ಕಾಂಟೂರ್ ನೆರಳಿನ ಕೆಲಸ ಮಾಡುತ್ತದೆ, ಹಚ್ಚಿದ ಜಾಗ ಒಳಗೆ ಹೋದ ಹಾಗೆ ತೋರಿಸುತ್ತದೆ. ಬಿಸಿಲು ನೇರವಾಗಿ ಬೀಳುವ ಕಡೆ ಬ್ರಾಂಜರ್: ಹಣೆಯ ಮೇಲ್ಭಾಗ, ಕೆನ್ನೆಯ ಉಬ್ಬು, ಮೂಗಿನ ಮೇಲೆ ಒಂಚೂರು. ಬೆಳಕು ಸರಿಯಾಗಿ ತಲುಪದ ಕಡೆ ಕಾಂಟೂರ್: ಕೆನ್ನೆ ಮೂಳೆಯ ಕೆಳಗಿನ ತಗ್ಗು, ದವಡೆಯ ಅಂಚು, ಮೂಗಿನ ಎರಡೂ ಪಕ್ಕ.

ಇಷ್ಟು ಹೇಳಿದ ಕೂಡಲೇ ಮುಂದಿನ ಮಾತು ಬಂದೇ ಬರುತ್ತದೆ. "ಹಾಗಾದ್ರೆ ಜಾಗ ಬದಲಾಯಿಸಿದರೆ ಸಾಕಲ್ವಾ, ಡಬ್ಬಿ ಒಂದೇ ಇರಲಿ." ಸಾಲುವುದಿಲ್ಲ. ಈ ಒಂದು ನಂಬಿಕೆ ಮಾತ್ರ ಎಷ್ಟು ಕಿತ್ತರೂ ಮತ್ತೆ ಚಿಗುರುತ್ತದೆ. ಆದ್ದರಿಂದ ಇವತ್ತು ಸ್ವಲ್ಪ ಆಳಕ್ಕೇ ಅಗೆಯುತ್ತೇನೆ.

ಹಗಲು ಹೊತ್ತು ಕಿಟಕಿಯ ಪಕ್ಕ ಕನ್ನಡಿ ಹಿಡಿದು ನಿಂತುಕೊಳ್ಳಿ. ಮುಖಕ್ಕೆ ಏನೂ ಹಚ್ಚಿರಬಾರದು. ನಿಮ್ಮ ದವಡೆಯ ಕೆಳಗೆ ಬಿದ್ದಿರುವ ನೆರಳನ್ನು ನೋಡಿ. ಅದರಲ್ಲಿ ಕಿತ್ತಳೆ ಬಣ್ಣ ಕಾಣುತ್ತದೆಯೇ? ಇಲ್ಲ. ಬೆಳಕು ಕಡಿಮೆಯಾದ ಕಡೆ ಚರ್ಮದ ಬಣ್ಣ ಮಂಕಾಗುತ್ತದೆ, ಬೂದು ಬೆರೆತ ಕಂದಾಗುತ್ತದೆ. ಈಗ ಬ್ರಾಂಜರನ್ನು ಬೆರಳಲ್ಲಿ ತೆಗೆದು ಆ ನೆರಳಿನ ಪಕ್ಕದಲ್ಲೇ ಒಂದು ಗೆರೆ ಎಳೆಯಿರಿ. ಎರಡನ್ನೂ ಅಕ್ಕಪಕ್ಕ ನೋಡಿದ ಮೇಲೂ ಒಂದೇ ಅನ್ನಿಸಿದರೆ ನನ್ನನ್ನು ಕೇಳಿ. ಸಾಮಾನ್ಯವಾಗಿ ಬ್ರಾಂಜರಿನ ಗೆರೆಯಲ್ಲಿ ಕೆಂಪು, ಹಳದಿ ಎದ್ದು ಕಾಣುತ್ತದೆ. ಕಾಣಲೇಬೇಕು, ಅದನ್ನು ಮಾಡಿರುವುದೇ ಅದಕ್ಕೆ. ಗೆರ್ಲಾನ್ ಕಂಪನಿ 1984ರಲ್ಲಿ ಟೆರಾಕೋಟಾ ಪೌಡರ್ ತಂದಿದ್ದು ಮುಖಕ್ಕೆ ಬಿಸಿಲಿನ ಕಳೆ ಬರಲಿ ಅಂತ, ಕೆನ್ನೆ ಸಣ್ಣಗೆ ಕಾಣಲಿ ಅಂತ ಅಲ್ಲ.

ಆ ಕಿತ್ತಳೆ ಕಂದನ್ನು ಕೆನ್ನೆಯ ತಗ್ಗಿಗೆ ಒತ್ತಿದರೆ ನೋಡುವವರ ಕಣ್ಣು ಅದನ್ನು ನೆರಳು ಅಂತ ಒಪ್ಪುವುದಿಲ್ಲ. ಬಿಸಿಲೇ ಬೀಳದ ಜಾಗ ಕಂದಿ ಹೋಗಿದ್ದು ಹೇಗೆ? ಹಾಗಾಗಿ ಅದು ಒಂದು ಪಟ್ಟಿಯಾಗಿ ಉಳಿಯುತ್ತದೆ.

ಇನ್ನು ಮಿನುಗಿನ ಕಥೆ. ಎಷ್ಟೋ ಬ್ರಾಂಜರುಗಳಲ್ಲಿ ಶಿಮ್ಮರ್ ಇರುತ್ತದೆ. ಮಿನುಗುವ ಜಾಗ ಬೆಳಕನ್ನು ವಾಪಸ್ ಎಸೆಯುತ್ತದೆ, ಕಣ್ಣಿಗೆ ಉಬ್ಬಿದ ಹಾಗೆ ಕಾಣುತ್ತದೆ. ಉಬ್ಬನ್ನು ಎತ್ತಿ ತೋರಿಸಲು ಹಚ್ಚುವ ಹೈಲೈಟರ್ ನಡೆಯುವುದೇ ಈ ನಿಯಮದ ಮೇಲೆ. ಒಳಗೆ ಹೋಗಬೇಕಾದ ತಗ್ಗನ್ನು ನೀವೇ ದುಡ್ಡು ಕೊಟ್ಟು ಹೊರಗೆ ತಂದ ಹಾಗಾಯಿತು! ಕಾಂಟೂರ್ ಯಾವಾಗಲೂ ಮ್ಯಾಟ್, ಅಂದರೆ ಮಿನುಗಿಲ್ಲದ್ದು, ಇರಬೇಕು ಅನ್ನುವುದು ಇದಕ್ಕೇ.

"ನನ್ನ ಗೆಳತಿ ಬ್ರಾಂಜರಲ್ಲೇ ಕಾಂಟೂರ್ ಮಾಡುತ್ತಾಳೆ, ಚೆನ್ನಾಗಿಯೇ ಕಾಣುತ್ತದೆ" ಅನ್ನುವವರು ಇದ್ದೇ ಇರುತ್ತಾರೆ. ಅವಳ ಡಬ್ಬಿ ತಿರುಗಿಸಿ ನೋಡಿ. ಬೆನಿಫಿಟ್ ಕಂಪನಿಯ ಹೂಲಾ ಥರದ್ದಿರಬಹುದು. ಅದು ಮ್ಯಾಟ್, ಕಿತ್ತಳೆಯೂ ಕಡಿಮೆ. ತಿಳಿ ಬಣ್ಣದವರ ಮುಖದಲ್ಲಿ ನೆರಳಿನ ಪಾತ್ರವನ್ನೂ ಮಾಡಿಬಿಡುತ್ತದೆ. ಹಾಗಂತ ನಿಮ್ಮ ಕೈಯಲ್ಲಿರುವ ಮಿನುಗುವ ಡಬ್ಬಿಗೂ ಆ ಯೋಗ್ಯತೆ ಬರುವುದಿಲ್ಲ.

ಉಲ್ಟಾ ಮಾಡುವವರೂ ಇದ್ದಾರೆ. ಕಾಂಟೂರನ್ನು ಹಣೆ, ಕೆನ್ನೆಗೆಲ್ಲ ಸವರಿಕೊಂಡರೆ ಬಿಸಿಲಿನ ಕಳೆ ಬರುವುದಿಲ್ಲ. ಜ್ವರದಿಂದ ಎದ್ದು ಬಂದವರ ಹಾಗೆ ಕಾಣುತ್ತೀರಿ.

ಶೇಡ್ ವಿಷಯ: ಚರ್ಮಕ್ಕಿಂತ ಒಂದೆರಡು ಶೇಡ್ ಗಾಢವಾದರೆ ಸಾಕು. ಗಾಢ ಬಣ್ಣದವರು ಬೂದು ಜಾಸ್ತಿ ಇರುವ ಕಾಂಟೂರ್ ಹಚ್ಚಿದರೆ ಮುಖ ಬಿಳಿಚಿಕೊಳ್ಳುತ್ತದೆ. ಅವರಿಗೆ ಕಪ್ಪು ಕಾಫಿಯ ಕಂದು ಸರಿ. "ನನ್ನದು ಮೊದಲೇ ಕಂದು ಚರ್ಮ, ಬ್ರಾಂಜರ್ ಯಾಕೆ?" ಅನ್ನಬೇಡಿ. ಫೌಂಡೇಶನ್ ಯಾವ ಮುಖವನ್ನಾದರೂ ಒಂದೇ ಬಣ್ಣಕ್ಕೆ ಇಳಿಸುತ್ತದೆ. ಕೆಂಪು ಛಾಯೆಯ ಗಾಢ ಬ್ರಾಂಜರ್ ಹಚ್ಚಿದರೆ ಆ ಕಳೆ ವಾಪಸ್ ಬರುತ್ತದೆ.

ಇಷ್ಟೆಲ್ಲ ಕೇಳುವವರು ಒಂದನ್ನು ಮಾತ್ರ ಕೇಳುವುದಿಲ್ಲ. ಫೋಟೋದಲ್ಲಿ ಅಷ್ಟು ಚೆನ್ನಾಗಿದ್ದ ಕಾಂಟೂರ್ ಎದುರು ನಿಂತಾಗ ಯಾಕೆ ಕೊಳೆ ಮೆತ್ತಿಕೊಂಡ ಹಾಗೆ ಕಾಣುತ್ತದೆ? ಇದರ ಬೇರು ರಂಗಭೂಮಿಯಲ್ಲಿದೆ. ಹಿಂದೆ ವೇದಿಕೆಯ ಅಂಚಿನಲ್ಲಿ ದೀಪಗಳ ಸಾಲು ಇರುತ್ತಿತ್ತು. ಬೆಳಕು ಕೆಳಗಿನಿಂದ ಬಂದು ಮುಖದ ಸಹಜ ನೆರಳನ್ನೆಲ್ಲ ಅಳಿಸುತ್ತಿತ್ತು. ಕೊನೆಯ ಸಾಲಿನವರಿಗೂ ಮೂಗು, ಕೆನ್ನೆ ಗೊತ್ತಾಗಲಿ ಅಂತ ನಟರು ನೆರಳನ್ನು ಬಣ್ಣದಲ್ಲಿ ಬರೆದುಕೊಳ್ಳುತ್ತಿದ್ದರು. ಸ್ಟುಡಿಯೋದಲ್ಲೂ ಅಷ್ಟೇ, ದೀಪ ಇಟ್ಟ ಕಡೆಯೇ ಇರುತ್ತದೆ, ಮುಖ ಹೇಳಿದ ಕಡೆಗೆ ತಿರುಗಿರುತ್ತದೆ. ನಾವು ಹಾಗಿರುತ್ತೇವೆಯೇ? ಮಾತಾಡುತ್ತೇವೆ, ತಲೆ ತಿರುಗಿಸುತ್ತೇವೆ. ನಿಜವಾದ ನೆರಳು ಸರಿಯುತ್ತದೆ, ಬರೆದ ನೆರಳು ಅಲ್ಲೇ ನಿಂತಿರುತ್ತದೆ. ಮೊದಲು ಸಿಕ್ಕಿಬೀಳುವುದು ಮೂಗಿನ ಪಕ್ಕದ ಎರಡು ಗೆರೆ.

ಅದಕ್ಕೇ ದಿನನಿತ್ಯಕ್ಕೆ ಮೂಗನ್ನು ಅದರ ಪಾಡಿಗೆ ಬಿಡಿ. ಕೆನ್ನೆಗೆ ಬೇಕೇ ಬೇಕು ಅಂದರೆ ಬ್ರಷ್ ಕೊಡವಿ, ಕಿವಿಯ ಹತ್ತಿರದಿಂದ ಶುರು ಮಾಡಿ, ಕಣ್ಣಿನ ಹೊರತುದಿಯ ನೇರಕ್ಕೆ ಬಂದಾಗ ನಿಲ್ಲಿಸಿ. ಬಾಯಿಯ ತನಕ ಎಳೆಯಬೇಡಿ. ಅಂಚನ್ನು ಮೇಲ್ಮುಖವಾಗಿ ಬೆರೆಸಿ, ಕೆಳಕ್ಕೆ ಎಳೆದರೆ ಮುಖ ಜೋತು ಬಿದ್ದ ಹಾಗಾಗುತ್ತದೆ. ಬ್ರಾಂಜರ್ ಆಮೇಲೆ, ಅದರ ಮೇಲಿನ ಉಬ್ಬಿಗೆ. ಒಂದನ್ನೇ ಕೊಳ್ಳುವ ಯೋಚನೆ ಇದ್ದರೆ ಮ್ಯಾಟ್ ಬ್ರಾಂಜರ್ ಕೊಳ್ಳಿ, ಕಾಂಟೂರ್ ಫೋಟೋ ತೆಗೆಸುವ ದಿನಕ್ಕಿರಲಿ.