ಕೆಡವಿದ ವಿಡಿಯೊ ಸಾಕು, ಸೋತ ಆಟ ತೋರಿಸಿ

ಏಪ್ರಿಲ್ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಸುತ್ತು ಸುತ್ತಾಗಿ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್ ಹತ್ತಿರ ಬಂತಲ್ಲ! ಏಜೆಂಟರು, ಹುಡುಗರ ಅಪ್ಪಂದಿರು, ಇಲ್ಲೇ ಅಮೆರಿಕದಲ್ಲಿರುವ ನಮ್ಮ ಕನ್ನಡದ ಗೆಳೆಯರು, ಎಲ್ಲರೂ ಕಳಿಸೋದು ಒಂದೇ ಥರದ ವಿಡಿಯೊ. ಮುನ್ನೂರು ಪೌಂಡಿನ ಕಾಲೇಜು ಲೈನ್‌ಮನ್, ಅಂದರೆ ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವವನು, ನುಗ್ಗಿ ಬರುವ ಎದುರಾಳಿಯನ್ನು ಅಂಗಾತ ಕೆಡವುತ್ತಾನೆ. ಜೊತೆಗೊಂದು ಪ್ರಶ್ನೆ: “ಮೊದಲ ಸುತ್ತಲ್ಲೇ ಹೋಗ್ತಾನೆ ಅಲ್ವಾ ಸರ್?”

ಅವನೇ ಎದುರಾಳಿಗೆ ಸೋತ ಆಟ ಇದ್ದರೆ ಕಳಿಸಿ ಅಂತೀನಿ. ಕೆಲವರಿಗೆ ಬೇಜಾರಾಗುತ್ತದೆ.

ಅಲ್ಲಾ ಸ್ವಾಮಿ, ಆ ವಿಡಿಯೊದಲ್ಲಿ ಬಿದ್ದವನು ಯಾರು ಅಂತ ನೋಡಿದಿರಾ? ಅವನು ಮುಂದಿನ ವರ್ಷ ಯಾವುದೋ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರುತ್ತಾನೆ. ಎನ್‌ಎಫ್‌ಎಲ್‌ನಲ್ಲಿ ಎದುರಿಗೆ ನಿಲ್ಲುವವನು ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗೋದರಲ್ಲಿ ಹೆಸರಾದ ಮೈಲ್ಸ್ ಗ್ಯಾರೆಟ್. ಅಲ್ಲಿ ಎಂಥವನೂ ಸೋಲುತ್ತಾನೆ. ಸೋತ ಮೇಲಿನ ಒಂದು ಸೆಕೆಂಡಿನಲ್ಲಿ ಏನು ಮಾಡುತ್ತಾನೆ ಅನ್ನೋದೇ ನನಗೆ ಬೇಕು.

ನಾನು ಎಲ್ಲ ಬಿಟ್ಟು ಮೊದಲು ಹುಡುಕೋದು ಮೂರನೇ ಡೌನ್, ಅಂದರೆ ಮೂರನೇ ಯತ್ನ, ಹತ್ತು ಗಜ ಬಾಕಿ ಇರುವ ಆಟಗಳನ್ನು. ಓಡಿ ಅಷ್ಟು ದೂರ ದಾಟೋದು ಕಷ್ಟ, ಚೆಂಡೆಸೆದು ಪಾಸ್ ಮಾಡುತ್ತಾರೆ ಅಂತ ಮೈದಾನಕ್ಕೆಲ್ಲ ಗೊತ್ತಿರುತ್ತದೆ. ಈಗಿನ ಕಾಲೇಜು ಆಟದಲ್ಲಿ ಚೆಂಡು ಎಷ್ಟೋ ಸಲ ತಕ್ಷಣ ಕ್ವಾರ್ಟರ್‌ಬ್ಯಾಕ್ ಕೈ ಬಿಟ್ಟು ಹೋಗುತ್ತದೆ, ಹುಡುಗನಿಗೆ ಪರೀಕ್ಷೆಯೇ ಆಗಿರೋದಿಲ್ಲ. ಇಲ್ಲಿ ಆಗುತ್ತದೆ. ಎದುರಾಳಿ ಹೊರಗಿನಿಂದ ನುಗ್ಗುವ ಹಾಗೆ ಮಾಡಿ ಥಟ್ಟನೆ ಒಳಗೆ ತಿರುಗಿದ ಅಂದುಕೊಳ್ಳಿ. ನಮ್ಮ ಹುಡುಗ ಸೊಂಟ ಬಗ್ಗಿಸಿ ತಲೆ ಮುಂದೆ ಚಾಚಿದರೆ ಕತೆ ಮುಗಿಯಿತು. ಮಂಡಿ ಬಗ್ಗಿಸಿ, ಕಾಲು ಆಡಿಸುತ್ತಲೇ ಇದ್ದು, ಜಾರಿದ ಕೈಯನ್ನು ಮತ್ತೆ ಅವನ ಎದೆಗೆ ಇಟ್ಟನಾ? ಕ್ವಾರ್ಟರ್‌ಬ್ಯಾಕ್‌ಗೆ ಇನ್ನರ್ಧ ಸೆಕೆಂಡು ಸಿಕ್ಕಿತಾ? ಹಾಗಾದರೆ ಆ ಹುಡುಗನ ಹೆಸರಿನ ಪಕ್ಕ ಗುರುತು ಹಾಕಿಕೊಳ್ಳುತ್ತೇನೆ.

ಇನ್ನು ಡ್ರಾಫ್ಟ್‌ಗೆ ಮುಂಚೆ ಹುಡುಗರ ಮೈಕಟ್ಟು, ಓಟ, ಬಲ ಅಳೆಯುವ ಇಂಡಿಯಾನಾಪೊಲಿಸ್ ಕಂಬೈನ್‌ನ ಅಂಕಿಗಳು. 40 ಗಜ ಎಷ್ಟು ಸೆಕೆಂಡಿಗೆ ಓಡಿದ, 225 ಪೌಂಡ್ ಎಷ್ಟು ಸಲ ಎತ್ತಿದ. ಗರಡಿಯಲ್ಲಿ ಹೊಡೆದ ದಂಡದ ಲೆಕ್ಕ ಕೇಳಿ ಕುಸ್ತಿ ಯಾರದು ಅಂತ ಹೇಳೋಕಾಗುತ್ತಾ? 2018ರಲ್ಲಿ ಲೈನ್‌ಮನ್ ಒರ್ಲ್ಯಾಂಡೊ ಬ್ರೌನ್ ಜೂನಿಯರ್ 40 ಗಜಕ್ಕೆ 5.85 ಸೆಕೆಂಡು ತೆಗೆದುಕೊಂಡ, ಭಾರ ಎತ್ತಿದ್ದು 14 ಸಲ. ಜನ ನಕ್ಕರು. ಮೂರನೇ ಸುತ್ತಿಗೆ ಜಾರಿ 83ನೆಯವನಾಗಿ ರೇವನ್ಸ್ ತಂಡಕ್ಕೆ ಹೋದ. ಮುಂದೆ ಚೀಫ್ಸ್ ತಂಡದ ಎಡ ಟ್ಯಾಕಲ್ (ಲೈನಿನ ಎಡ ತುದಿಯವ) ಆಗಿ 2023ರ ಫೆಬ್ರುವರಿಯಲ್ಲಿ ಲೀಗಿನ ಫೈನಲ್ ಸೂಪರ್ ಬೌಲ್ ಆಡಿದ. ಲೀಗ್ ಹಂತದಲ್ಲಿ 70 ಸ್ಯಾಕ್ ಮಾಡಿದ್ದ, ಅಂದರೆ ಕ್ವಾರ್ಟರ್‌ಬ್ಯಾಕ್‌ನನ್ನು ಚೆಂಡೆಸೆಯೋ ಮೊದಲೇ 70 ಸಲ ಕೆಡವಿದ್ದ ಎದುರಾಳಿ ಈಗಲ್ಸ್‌ಗೆ ಆ ರಾತ್ರಿ ಒಂದೂ ಸಿಗಲಿಲ್ಲ.

ಅಳತೆ ಪೂರ್ತಿ ಸುಳ್ಳು ಅಂತಲ್ಲ. ಟ್ಯಾಕಲ್‌ಗೆ ಕೈ ಉದ್ದ ಇದ್ದರೆ ಒಳ್ಳೆಯದೇ. ಆದರೆ ರಶಾನ್ ಸ್ಲೇಟರ್ ಕೈ 33 ಇಂಚು ಮಾತ್ರ, ಟ್ಯಾಕಲ್‌ನ ಒಳಬದಿಗೆ ನಿಲ್ಲುವ ಗಾರ್ಡ್ ಜಾಗಕ್ಕೇ ಸರಿ ಅಂದವರಿದ್ದರು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿದ್ದಾಗ 2019ರಲ್ಲಿ, ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗೋದಕ್ಕೆ ಹೆಸರಾಗಿದ್ದ ಚೇಸ್ ಯಂಗ್ ಎದುರು ಅವನು ಆಡಿದ್ದನ್ನು ನೋಡಿದವರು ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಚಾರ್ಜರ್ಸ್ ತಂಡ 2021ರಲ್ಲಿ 13ನೆಯವನಾಗಿ ತೆಗೆದುಕೊಂಡು ಎಡ ಟ್ಯಾಕಲ್ ಆಗಿಯೇ ಆಡಿಸಿತು, ಮೊದಲ ವರ್ಷವೇ ಲೀಗಿನ ಅತ್ಯುತ್ತಮರನ್ನು ಆರಿಸುವ ಪ್ರೊ ಬೌಲ್‌ಗೆ ಆಯ್ಕೆಯಾದ.

ನನ್ನ ಮಾತೂ ಗ್ಯಾರಂಟಿ ಅಲ್ಲ. ಮಂಡಿಯ ಎಂಆರ್‌ಐ ನಮಗೆ ಕಾಣೋದಿಲ್ಲ, ಯಾವ ಕೋಚ್ ಕೈಗೆ ಸಿಗುತ್ತಾನೋ ಅದೂ ಗೊತ್ತಿರೋದಿಲ್ಲ.

ನೀವೇ ನೋಡಿ ಕಲಿಯಬೇಕು ಅಂದರೆ ಅಲಬಾಮಾದ ಮೊಬೈಲ್ ಊರಲ್ಲಿ, ಡ್ರಾಫ್ಟ್‌ಗೆ ಹೋಗುವ ಕಾಲೇಜು ಹುಡುಗರಿಗಾಗಿ ನಡೆಯುವ ಸೀನಿಯರ್ ಬೌಲ್ ಪಂದ್ಯದ ಅಭ್ಯಾಸ ನೋಡಿ. ಒಬ್ಬರಿಗೊಬ್ಬರು ಎದುರಾಗುವ ಆ ಕಸರತ್ತಿನಲ್ಲಿ ಲೈನ್‌ಮನ್‌ಗೆ ಪಕ್ಕದವನ ಸಹಾಯ ಇರೋದಿಲ್ಲ, ಸೋಲೋದೇ ಜಾಸ್ತಿ. ಮೊದಲ ದಿನ ಎದುರಾಳಿಯ ಯಾವ ಪಟ್ಟು ಅವನನ್ನು ಸೋಲಿಸಿತು ಅಂತ ಬರೆದಿಟ್ಟುಕೊಳ್ಳಿ. ಮರುದಿನ ಅದೇ ಪಟ್ಟು ಮತ್ತೆ ಬಂದಾಗ ಅವನ ಕಾಲು ನೋಡಿ, ಆಮೇಲೆ ನನಗೆ ಫೋನ್ ಮಾಡಿ.