‘ಡ್ರಾಪ್ಡ್’ ಅಂಕಿಯ ಹಿಂದೆ ಇರೋದು ಯಾರ ಲೆಕ್ಕ?

ನೆಟ್‌ವರ್ಕ್ ನಿಧಾನ ಅಂತ ದೂರು ಬಂತು. ಲಿನಕ್ಸ್ ಸರ್ವರ್‌ನಲ್ಲಿ ನೆಟ್‌ವರ್ಕ್ ಅಂಕಿಅಂಶ ತೋರಿಸುವ ಐಎಫ್‌ಕಾನ್ಫಿಗ್ ಕಮಾಂಡ್ ಹೊಡೆದು ನೋಡಿದರೆ ‘ಡ್ರಾಪ್ಡ್’, ಅಂದರೆ ಬಿದ್ದುಹೋದ ಪ್ಯಾಕೆಟ್‌ಗಳ (ದತ್ತಾಂಶದ ತುಣುಕುಗಳ) ಅಂಕಿ ಏರುತ್ತಾ ಇದೆ. ಕೂಡಲೇ ಕೇಬಲ್ ಬದಲಾಗುತ್ತದೆ, ಸ್ವಿಚ್‌ಗೆ ಬೈಗುಳ ಬೀಳುತ್ತದೆ. ಆದರೆ ಆ ಅಂಕಿಯಲ್ಲಿ ಬೇರೆ ಬೇರೆ ಕಡೆ ಆದ ನಷ್ಟಗಳು ಒಟ್ಟಿಗೆ ಸೇರಿಕೊಂಡಿರುತ್ತವೆ.

ಒಳಗೆ ಬರುವ ಪ್ಯಾಕೆಟ್ ಬಿದ್ದುಹೋಗಲು ಹಲವು ಜಾಗಗಳಿವೆ. ನೆಟ್‌ವರ್ಕ್ ಕಾರ್ಡ್ ನಡೆಸುವ ತಂತ್ರಾಂಶವಾದ ಡ್ರೈವರ್ ತೆಗೆದಿಟ್ಟ ರಿಂಗ್ ಬಫರ್‌ನಲ್ಲಿ (ಬಂದ ಪ್ಯಾಕೆಟ್ ಇಡುವ ಮೆಮೊರಿಯ ಸಾಲು) ಜಾಗ ಇಲ್ಲದಿದ್ದರೆ ಕಾರ್ಡ್ ತಾನೇ ಬಿಡುತ್ತದೆ. ಮೆಮೊರಿ ಸಿಗದಿದ್ದರೆ ಡ್ರೈವರ್ ಬಿಡುತ್ತದೆ. ಅದನ್ನೂ ದಾಟಿ ಬಂದದ್ದು ಯಾರಿಗೂ ಬೇಡದ ಪ್ಯಾಕೆಟ್ ಆಗಿದ್ದರೆ ಲಿನಕ್ಸ್‌ನ ತಿರುಳಾದ ಕರ್ನಲ್ ಎಸೆಯುತ್ತದೆ.

ಈ ವ್ಯತ್ಯಾಸ ಹಳಬರಿಗೆ ಗೊತ್ತಿರಲಿಲ್ಲ ಅಂತಲ್ಲ. ನೆಟ್‌ವರ್ಕ್ ನಿರ್ವಹಣೆಗೆ 1988ರಲ್ಲಿ ಬಂದ ಆರ್‌ಎಫ್‌ಸಿ 1066 ಎಂಬ ಇಂಟರ್ನೆಟ್ ಮಾನದಂಡದ ದಾಖಲೆಯಲ್ಲೇ ಮೂರು ಬೇರೆ ಎಣಿಕೆಗಳಿದ್ದವು: ಕೆಟ್ಟುಹೋದವು, ಚೆನ್ನಾಗಿದ್ದರೂ ಬಿಟ್ಟವು, ಗುರುತಿಲ್ಲದ ಪ್ರೋಟೋಕಾಲ್‌ನವು. ಲಿನಕ್ಸ್ ಮಾತ್ರ ಮೂರನೆಯದನ್ನು ಬಹುಕಾಲ ಎಣಿಸದೆ ಸುಮ್ನೆ ಎಸೆಯುತ್ತಿತ್ತು.

2011ರ ಜನವರಿಯಲ್ಲಿ 2.6.37 ಕರ್ನಲ್ ಬಂತು. ಅದು ಇಂಥವನ್ನೂ ಎಣಿಸತೊಡಗಿತು, ಆದರೆ ಸೇರಿಸಿದ್ದು ಅದೇ ‘ಡ್ರಾಪ್ಡ್’ ಲೆಕ್ಕಕ್ಕೆ. ಅಪ್‌ಗ್ರೇಡ್ ಮಾಡಿದ್ದೇ ತಡ, ಸೊನ್ನೆ ತೋರಿಸುತ್ತಿದ್ದ ಸರ್ವರ್‌ಗಳಲ್ಲಿ ಅಂಕಿ ಏರತೊಡಗಿತು. ಸ್ವಿಚ್ ತನ್ನ ಗುರುತು ಹೇಳಲು ಆಗಾಗ ಕಳಿಸುವ ಎಲ್‌ಎಲ್‌ಡಿಪಿ ಸಂದೇಶವನ್ನು ಕೇಳುವವರು ಆ ಸರ್ವರ್‌ನಲ್ಲಿ ಇಲ್ಲದಿದ್ದರೆ ಅದೂ ಒಂದು ಡ್ರಾಪ್! ತಮಾಷೆ ಏನೆಂದರೆ, ಏನಾಗುತ್ತಿದೆ ನೋಡೋಣ ಅಂತ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ಟಿಸಿಪಿಡಂಪ್ ಹಾಕಿದರೆ ಇಂಥ ಡ್ರಾಪ್ ನಿಂತುಬಿಡುತ್ತದೆ. ಈಗ ಆ ಪ್ಯಾಕೆಟ್ ಪಡೆಯಲು ಒಬ್ಬರು ಇದ್ದಾರಲ್ವಾ! ಎಣಿಸಿದ್ದು ಸರಿಯೇ. ಬೇರೆ ಹೆಸರಿನಲ್ಲಿ ಎಣಿಸಬೇಕಿತ್ತು ಅಂತ ನನ್ನ ಅನಿಸಿಕೆ.

ಡ್ರೈವರ್‌ಗಳ ಕಡೆಯ ಗೊಂದಲ ಇನ್ನೂ ಜಾಸ್ತಿ. ಕಾರ್ಡ್‌ನಲ್ಲೇ ಬಿದ್ದದ್ದನ್ನು ಒಂದು ಡ್ರೈವರ್ ‘ಡ್ರಾಪ್ಡ್’ ಅಂದರೆ ಇನ್ನೊಂದು ‘ಮಿಸ್ಡ್’ ಅನ್ನುತ್ತಿತ್ತು, ಮತ್ತೊಂದು ‘ಫಿಫೋ’ ಅನ್ನುತ್ತಿತ್ತು. 2020ರಲ್ಲಿ ಕರ್ನಲ್ ದಾಖಲೆಗಳು ಇದನ್ನು ಬಿಗಿ ಮಾಡಿದವು: ಬಫರ್ ಸಾಲದೆ ಕಾರ್ಡ್ ಬಿಟ್ಟದ್ದು ‘ಮಿಸ್ಡ್’ಗೆ ಮಾತ್ರ ಹೋಗಬೇಕು. ಕಾರಣವೂ ಇದೆ. ಐಎಫ್‌ಕಾನ್ಫಿಗ್ ಓದುವ ಪ್ರೋಕ್ ಫೈಲ್ (ಕರ್ನಲ್ ತನ್ನ ಲೆಕ್ಕ ತೋರಿಸುವ ಕಡತ) ‘ಡ್ರಾಪ್ಡ್’, ‘ಮಿಸ್ಡ್’ ಎರಡನ್ನೂ ಕೂಡಿಸಿ ತೋರಿಸುತ್ತದೆ. ಡ್ರೈವರ್ ಎರಡೂ ಕಡೆ ಬರೆದರೆ ಒಂದು ಪ್ಯಾಕೆಟ್ ಎರಡಾಗುತ್ತದೆ. ‘ಐಪಿ’ ಕಮಾಂಡ್‌ನಲ್ಲಿ ಇವು ಬೇರೆ ಬೇರೆ ಕಾಣುತ್ತವೆ, ಹಾಗಾಗಿ ಅದನ್ನೇ ನೋಡುವುದು ವಾಸಿ. ‘ಮಿಸ್ಡ್’ ಏರುತ್ತಿದ್ದರೆ ಕಾರ್ಡ್‌ನ ಸೆಟ್ಟಿಂಗ್ ಬದಲಿಸುವ ಈಥ್‌ಟೂಲ್‌ನಿಂದ ರಿಂಗ್ ಬಫರ್ ದೊಡ್ಡದು ಮಾಡಿ ನೋಡಬಹುದು.

ಎಷ್ಟು ಬಿತ್ತು ಅನ್ನುವುದಕ್ಕಿಂತ ಯಾಕೆ ಬಿತ್ತು ಅನ್ನುವ ಪ್ರಶ್ನೆಗೆ ಉತ್ತರ ತಡವಾಗಿ ಬಂತು. ಕರ್ನಲ್‌ನ ಯಾವ ಫಂಕ್ಷನ್ ಎಸೆಯಿತು ಅಂತ ತೋರಿಸುವ ಡ್ರಾಪ್‌ವಾಚ್ ಬಂದದ್ದು 2009ರಲ್ಲಿ. ಎಸೆಯುವಾಗಲೇ ಕಾರಣವನ್ನೂ ಹೇಳುವ ವ್ಯವಸ್ಥೆ 2022ರ 5.17 ಕರ್ನಲ್‌ನಿಂದ ಶುರುವಾಯಿತು. ಆದರೆ ಕಾರ್ಡ್ ಒಳಗೇ ಬಿದ್ದ ಪ್ಯಾಕೆಟ್ ಕರ್ನಲ್‌ನ ಕೈಗೇ ಬರುವುದಿಲ್ಲ. ಅದರ ವಿಷಯದಲ್ಲಿ ಇಂದಿಗೂ ಕಾರ್ಡ್ ಮತ್ತು ಡ್ರೈವರ್ ಕೊಟ್ಟ ಎಣಿಕೆಯನ್ನೇ ನಂಬಬೇಕು.