ಟ್ರೋಲಿಂಗ್ ಮೋಟಾರ್ ಬದಲಿಸುವ ಮುನ್ನ ಸೋನಾರ್ ಪರದೆಯ ಬೆನ್ನು ನೋಡಿ

ಬಾಸ್ ಮೀನು ಹಿಡಿಯುವ ಬೋಟಿನ ಮೂತಿಯಲ್ಲಿರುವ ಟ್ರೋಲಿಂಗ್ ಮೋಟಾರ್ (ಗಾಳ ಹಾಕುವಾಗ ಬೋಟನ್ನು ಮೆಲ್ಲಗೆ ನಡೆಸುವ ಬ್ಯಾಟರಿ ಮೋಟಾರ್) ಬದಲಿಸಲು ಹೊರಟವರು ಮೊದಲು ಕೇಳುವುದು ತ್ರಸ್ಟ್, ಅಂದರೆ ತಳ್ಳುವ ಬಲ, ಎಷ್ಟು ಪೌಂಡ್ ಎಂದು. ಅದಕ್ಕೂ ಮೊದಲು ನೋಡಬೇಕಾದ್ದು ನೀರಿನಡಿಯ ತಳ, ಮೀನು ತೋರಿಸುವ ಸೋನಾರ್ ಪರದೆಯ ಹಿಂಬದಿಯ ಸಾಕೆಟ್. ಈಗಿನ ಒಳ್ಳೆಯ ಮೋಟಾರ್‌ಗಳಲ್ಲಿ ಟ್ರಾನ್ಸ್‌ಡ್ಯೂಸರ್ (ಶಬ್ದದ ಅಲೆ ಕಳಿಸಿ ಪ್ರತಿಧ್ವನಿ ಹಿಡಿಯುವ ಸಾಧನ) ನೀರಿನೊಳಗಿನ ಮೋಟಾರಿನ ಹೊಟ್ಟೆಯಲ್ಲೇ ಇರುತ್ತದೆ, ಅದರ ಕೇಬಲ್ ಮೋಟಾರನ್ನು ಹಿಡಿದಿರುವ ಉದ್ದ ಕೊಳವೆಯ, ಅಂದರೆ ಶಾಫ್ಟಿನ, ಒಳಗಿಂದಲೇ ಮೇಲೆ ಬರುತ್ತದೆ. ಪರದೆಗೂ ಅದಕ್ಕೂ ಕೂಡಿಬರದಿದ್ದರೆ ಮೋಟಾರ್ ಎಷ್ಟೇ ಬಲಶಾಲಿಯಾದರೂ ನೀವು ದುಡ್ಡು ಕೊಟ್ಟ ಅರ್ಧ ವಸ್ತು ಕೆಲಸಕ್ಕೆ ಬಾರದು.

ಮೋಟಾರ್ ಕಂಪನಿ ಮಿನ್ ಕೋಟಾದ ಯೂನಿವರ್ಸಲ್ ಸೋನಾರ್ 2 ಎಂಬ ಟ್ರಾನ್ಸ್‌ಡ್ಯೂಸರ್ ಈ ವಿಷಯದಲ್ಲಿ ಉದಾರಿ. 83 ಮತ್ತು 200 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುವ ಇದನ್ನು ತಕ್ಕ ಅಡಾಪ್ಟರ್ ಕೇಬಲ್ ಹಾಕಿ ಬೇರೆ ಬ್ರ್ಯಾಂಡಿನ ಹಲವು ಪರದೆಗಳಿಗೂ ಜೋಡಿಸಬಹುದು. ಆದರೆ ಅದೇ ಕಂಪನಿಯ ಮೆಗಾ ಇಮೇಜಿಂಗ್ ಟ್ರಾನ್ಸ್‌ಡ್ಯೂಸರ್ ಹಮ್ಮಿನ್‌ಬರ್ಡ್ ಬ್ರ್ಯಾಂಡಿನ ಪರದೆಗೆ ಮಾತ್ರ. ಗಾರ್ಮಿನ್ ಫೋರ್ಸ್, ಲೋರೆನ್ಸ್ ಘೋಸ್ಟ್ ಮೋಟಾರ್‌ಗಳ ಒಳಗಿನ ಟ್ರಾನ್ಸ್‌ಡ್ಯೂಸರ್‌ಗಳೂ ತಮ್ಮ ತಮ್ಮ ಮನೆಯ ಪರದೆಗಳನ್ನು ನಂಬಿಯೇ ತಯಾರಾದವು. ಪ್ಲಗ್ ಕೂರಲಿಲ್ಲವೆಂದು ಕೇಬಲ್ ಕತ್ತರಿಸಿ ಬೆಸುಗೆ ಹಾಕುವ ಸಾಹಸ ಬೇಡ. ಒಳಗಿನ ತೆಳು ತಂತಿಗಳನ್ನು ಸುತ್ತಿಕೊಂಡಿರುವ ಲೋಹದ ಜಾಲರಿ ಒಮ್ಮೆ ತುಂಡಾದರೆ ಸುತ್ತಲಿನ ವಿದ್ಯುತ್ ಗದ್ದಲವೆಲ್ಲ ಒಳಗೆ ನುಗ್ಗುತ್ತದೆ.

ತ್ರಸ್ಟ್ ಲೆಕ್ಕ ಸರಳ: ಬೋಟು, ಔಟ್‌ಬೋರ್ಡ್ (ಹಿಂಬದಿಯ ಪೆಟ್ರೋಲ್ ಎಂಜಿನ್), ಪೆಟ್ರೋಲ್, ಬ್ಯಾಟರಿ, ಜನ ಎಲ್ಲ ಸೇರಿ ಪ್ರತಿ 100 ಪೌಂಡ್ ತೂಕಕ್ಕೆ ಕನಿಷ್ಠ 2 ಪೌಂಡ್. 4,000 ಪೌಂಡ್ ತೂಗುವ 20 ಅಡಿಯ ಫೈಬರ್‌ಗ್ಲಾಸ್ ಬೋಟಿಗೆ 80 ಪೌಂಡ್, ಅಂದರೆ 24 ವೋಲ್ಟಿನ ಮೋಟಾರ್ ಸಾಕು. ಇದು ಗಾಳಿಯಿಲ್ಲದ ದಿನದ ಮಾತು. ಅಲಬಾಮಾದ ಗಂಟರ್ಸ್‌ವಿಲ್ ಸರೋವರದಂಥ ಕಡೆ, ಹೈಡ್ರಿಲಾ ಕಳೆ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುವಾಗ, 36 ವೋಲ್ಟಿನ 112 ಪೌಂಡ್ ಮೋಟಾರ್ ದುಂದುವೆಚ್ಚ ಅಲ್ಲ.

ಶಾಫ್ಟ್ ಉದ್ದದಲ್ಲಿ ತಪ್ಪುವವರೇ ಹೆಚ್ಚು. ಬೋಟು ಟ್ರೇಲರ್ ಮೇಲಿರುವಾಗ ಅಳೆದರೆ ಪ್ರಯೋಜನವಿಲ್ಲ. ಸಾಮಾನೆಲ್ಲ ತುಂಬಿ ನೀರಿಗಿಳಿಸಿ, ಮೋಟಾರ್ ಕೂರುವ ಡೆಕ್ಕಿನಿಂದ ನೀರಿನ ಮಟ್ಟಕ್ಕೆ ಎಷ್ಟಿದೆ ನೋಡಿ. ಮೋಟಾರಿನ ನೆತ್ತಿ ನೀರಿನ ಮೇಲ್ಮೈಯಿಂದ ಸುಮಾರು 12 ಇಂಚು ಕೆಳಗಿರಬೇಕು, ಅಲೆ ಏಳುವ ಜಾಗವಾದರೆ ಇನ್ನೊಂದು 5 ಇಂಚು ಸೇರಿಸಿ. ಶಾಫ್ಟ್ ಗಿಡ್ಡವಾದರೆ ಮೂತಿ ಎದ್ದಾಗಲೆಲ್ಲ ಪ್ರೊಪೆಲ್ಲರ್ ಗಾಳಿ ಎಳೆಯುತ್ತದೆ. ಆ ಗುಳ್ಳೆಗಳು ಟ್ರಾನ್ಸ್‌ಡ್ಯೂಸರ್ ಮುಂದೆ ಹಾದರೆ ಪರದೆಯಲ್ಲಿ ತಳದ ಗೆರೆಯೇ ಕಡಿದುಹೋಗುತ್ತದೆ. ಸೋನಾರ್ ಕೆಟ್ಟಿದೆ ಎಂದು ವಾಪಸು ಕಳಿಸುವ ಮುಂಚೆ ಇದನ್ನೊಮ್ಮೆ ಪರೀಕ್ಷಿಸಿ.

ಹಳೆಯ ಮೋಟಾರ್ ಬಿಚ್ಚುವಾಗ ಬ್ರೇಕರ್ ಆಫ್ ಮಾಡಿ, ಬ್ಯಾಟರಿ ಜೋಡಣೆಯ ಫೋಟೊ ತೆಗೆದಿಟ್ಟುಕೊಂಡು, ನೆಗೆಟಿವ್ ತಂತಿ ಮೊದಲು ಕಳಚಿ. ಹೊಸ ಬ್ರ್ಯಾಕೆಟ್ಟಿಗೆ ಹಳೆಯ ರಂಧ್ರ ಹೊಂದದಿದ್ದರೆ ಅವನ್ನು ಎಪಾಕ್ಸಿ ತುಂಬಿ ಮುಚ್ಚಿ. ಇಲ್ಲವಾದರೆ ಡೆಕ್ಕಿನೊಳಗೆ ನೀರು ಇಳಿಯುತ್ತದೆ. ಸ್ಟೇನ್‌ಲೆಸ್ ಬೋಲ್ಟುಗಳನ್ನು ಡ್ರಿಲ್‌ನಿಂದ ಭರ‍್ರನೆ ಬಿಗಿದರೆ ನಟ್ಟು ಅರ್ಧದಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ಆ್ಯಂಟಿ-ಸೀಜ್ (ಕಚ್ಚಿಕೊಳ್ಳದಂತೆ ತಡೆಯುವ ಲೇಪ) ಸವರಿ ಕೈಯಲ್ಲೇ ತಿರುಗಿಸಿ.

ತಂತಿಯ ದಪ್ಪದಲ್ಲಿ ಉಳಿತಾಯ ಮಾಡಬೇಡಿ. ಹಿಂಬದಿಯ ಬ್ಯಾಟರಿಯಿಂದ ಮೂತಿಗೆ 20 ಅಡಿ ಎಂದರೆ ಹೋಗಿ ಬರಲು 40 ಅಡಿ ತಾಮ್ರ. 8 ಗೇಜ್ ತಂತಿಯಲ್ಲಿ 50 ಆಂಪಿಯರ್ ಹರಿದಾಗ ಸುಮಾರು 1.25 ವೋಲ್ಟ್ ದಾರಿಯಲ್ಲೇ ಸೋರುತ್ತದೆ, ಅದಕ್ಕಿಂತ ದಪ್ಪನೆಯ 6 ಗೇಜಿನಲ್ಲಿ 0.8. ಈ 1.25 ವೋಲ್ಟ್ 36 ವೋಲ್ಟಿನ ವ್ಯವಸ್ಥೆಗೆ ಶೇ. 3.5, 12 ವೋಲ್ಟಿನದಕ್ಕೆ ಶೇ. 10ಕ್ಕೂ ಹೆಚ್ಚು. 60 ಆಂಪಿಯರ್ ಬ್ರೇಕರ್ ಕೆಂಪು ತಂತಿಯಲ್ಲಿ, ಬ್ಯಾಟರಿಯ ಪಕ್ಕದಲ್ಲೇ ಇರಲಿ. ಮೂತಿಯಲ್ಲಿ ಕೂರಿಸಿದ ಬ್ರೇಕರ್ ನಡುದಾರಿಯ ಶಾರ್ಟ್ ಸರ್ಕ್ಯೂಟನ್ನು ತಡೆಯಲಾರದು.

ಇನ್ನು ಅತಿ ಹೆಚ್ಚು ಹಾನಿ ಮಾಡುವ ತಪ್ಪು. 36 ವೋಲ್ಟಿಗೆ ಮೂರು ಬ್ಯಾಟರಿ ಸರಣಿಯಲ್ಲಿರುತ್ತವೆ: ಒಂದನೆಯದರ ಪಾಸಿಟಿವ್ ಎರಡನೆಯದರ ನೆಗೆಟಿವ್‌ಗೆ, ಎರಡನೆಯದರ ಪಾಸಿಟಿವ್ ಮೂರನೆಯದರ ನೆಗೆಟಿವ್‌ಗೆ. ಮೋಟಾರಿನ ಕಪ್ಪು ತಂತಿ ಒಂದನೆಯದರ ನೆಗೆಟಿವ್‌ನಲ್ಲಿ, ಕೆಂಪು ಮೂರನೆಯದರ ಪಾಸಿಟಿವ್‌ನಲ್ಲಿ. ಸೋನಾರ್ ಪರದೆಗೆ ವಿದ್ಯುತ್ ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯಿಂದಲೋ ಪ್ರತ್ಯೇಕ ಬ್ಯಾಟರಿಯಿಂದಲೋ ಬರಬೇಕು, ಈ ಮೂರರಿಂದಲ್ಲ. ಟ್ರಾನ್ಸ್‌ಡ್ಯೂಸರ್ ಮೋಟಾರಿನೊಳಗೇ ಇರುವಾಗ ಎರಡೂ ಕಡೆಯ ನೆಗೆಟಿವ್‌ಗಳನ್ನು ಒಂದು ತಂತಿಯಿಂದ ಕೂಡಿಸಬೇಕೆಂದು ಮಿನ್ ಕೋಟಾ ಕೈಪಿಡಿಗಳು ಹೇಳುತ್ತವೆ. ಕೂಡಿಸಬೇಕಾದ್ದು ಒಂದನೆಯ ಬ್ಯಾಟರಿಯ ನೆಗೆಟಿವ್ ಅನ್ನು, ಅಂದರೆ ಮೋಟಾರಿನ ಕಪ್ಪು ತಂತಿ ಕೂತಿರುವ ಜಾಗವನ್ನೇ. ಕೈಗೆ ಹತ್ತಿರವಿದೆಯೆಂದು ಎರಡನೆಯದರ ನೆಗೆಟಿವ್‌ಗೆ ಜೋಡಿಸಿದರೆ, ಪರದೆಯ ನೆಗೆಟಿವ್‌ಗೂ ಮೋಟಾರಿನ ನೆಗೆಟಿವ್‌ಗೂ ನಡುವೆ ಇಡೀ 12 ವೋಲ್ಟ್ ನಿಲ್ಲುತ್ತದೆ. ಆ ಕರೆಂಟು ದಾರಿ ಹುಡುಕಿಕೊಂಡು ಟ್ರಾನ್ಸ್‌ಡ್ಯೂಸರ್ ಕೇಬಲ್ಲಿನ ಕೂದಲೆಳೆಯ ಜಾಲರಿಯಲ್ಲೇ ಹರಿಯಬಹುದು, ಹರಿದರೆ ಅದು ಸುಡುತ್ತದೆ. ಪರದೆಯ ಪ್ಲಗ್ ಸಿಕ್ಕಿಸುವ ಮುನ್ನ ಮಲ್ಟಿಮೀಟರ್ ಹಿಡಿದು ಈ ಎರಡು ನೆಗೆಟಿವ್‌ಗಳ ನಡುವೆ ಸೊನ್ನೆ ಬರುತ್ತದೆಯೇ ನೋಡಿ. ಅರ್ಧ ನಿಮಿಷದ ಕೆಲಸ.

ಲಿಥಿಯಂ ಬ್ಯಾಟರಿಗೆ ಬದಲಾದವರು ನಿರಂತರವಾಗಿ ಎಷ್ಟು ಆಂಪಿಯರ್ ಕೊಡಬಲ್ಲದು ಎಂಬುದನ್ನು ಬ್ಯಾಟರಿಯ ಮೇಲೆ ಓದಿಕೊಳ್ಳಬೇಕು, ಚಾರ್ಜರನ್ನೂ ಲಿಥಿಯಂಗೆ ತಕ್ಕದ್ದು ಹಾಕಬೇಕು. ಲಿಥಿಯಂ ಬಹುತೇಕ ಕೊನೆಯವರೆಗೂ ವೋಲ್ಟೇಜ್ ಹೆಚ್ಚು ಇಳಿಸುವುದಿಲ್ಲ. ಹಾಗಾಗಿ ಬ್ರಷ್ (ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಇಂಗಾಲದ ತುಂಡು) ಇರುವ ಹಳೆಯ ಮಾದರಿಯ ಮೋಟಾರನ್ನು ಪೂರ್ತಿ ವೇಗದಲ್ಲಿ ಗಂಟೆಗಟ್ಟಲೆ ಓಡಿಸಿದರೆ ಸುರುಳಿ ಕಾಯುತ್ತದೆ.

ಟ್ರಾನ್ಸ್‌ಡ್ಯೂಸರ್ ಕೇಬಲನ್ನು ಮೋಟಾರಿನ ದಪ್ಪ ತಂತಿಗಳ ಜೊತೆ ಒಂದೇ ಕಟ್ಟಿನಲ್ಲಿ ಬಿಗಿಯಬಾರದು. ಬುಡದಲ್ಲಿ ಒಂದು ಸಡಿಲ ಸುರುಳಿ ಬಿಟ್ಟು, ಮೋಟಾರನ್ನು ಪೂರ್ತಿ ಎತ್ತಿ, ಇಳಿಸಿ, ಎರಡೂ ಬದಿಗೆ ಕೊನೆತನಕ ತಿರುಗಿಸಿ ನೋಡಿದ ಮೇಲೆಯೇ ಕಟ್ಟುಪಟ್ಟಿ ಹಾಕಿ. ಕೇಬಲ್ ತುಂಡಾಗುವುದು ಬಹುಪಾಲು ಮೋಟಾರ್ ಮಡಚುವ ಕೀಲಿನ ಬಳಿಯೇ.

ಪರದೆಯಲ್ಲಿ ಮಳೆಹನಿಯಂಥ ಚುಕ್ಕೆ ಬಂದರೆ ನೀರಿನಲ್ಲಿದ್ದಾಗಲೇ ಹೀಗೆ ಪರೀಕ್ಷಿಸಿ. ಬ್ರಷ್ ಮೋಟಾರ್‌ಗಳ ವೇಗ ನಿಯಂತ್ರಕ ಕರೆಂಟನ್ನು ಕ್ಷಣಕ್ಷಣ ಕಡಿದು ಕೊಡುತ್ತದೆ, ಗದ್ದಲ ಹುಟ್ಟುವುದು ಅಲ್ಲಿ. ಪೂರ್ತಿ ವೇಗದಲ್ಲಿ ಕಡಿತವೇ ಇರುವುದಿಲ್ಲ. ಹಾಗಾಗಿ ಅರ್ಧ ವೇಗದಲ್ಲಿ ಚುಕ್ಕೆ ಬಂದು ಪೂರ್ತಿ ವೇಗದಲ್ಲಿ ಮಾಯವಾದರೆ ಮೂಲ ಮೋಟಾರೇ; ಕೇಬಲ್‌ಗಳನ್ನು ದೂರ ಮಾಡಿ, ನೆಗೆಟಿವ್ ಜೋಡಣೆ ಮತ್ತೆ ನೋಡಿ, ಕೇಬಲ್ ಮೇಲೆ ಕೂತು ಗದ್ದಲ ತಗ್ಗಿಸುವ ಫೆರೈಟ್ ಕ್ಲಿಪ್ ಹಾಕಿ. ಯಾವ ವೇಗದಲ್ಲೂ ಹೋಗದಿದ್ದರೆ ನೀರೆತ್ತುವ ಪಂಪು, ಚಾರ್ಜರು, ರೇಡಿಯೊಗಳನ್ನು ಒಂದೊಂದಾಗಿ ಆರಿಸಿ.

ಮೆನುವಿನಲ್ಲಿ ಮೂತಿಯ ಟ್ರಾನ್ಸ್‌ಡ್ಯೂಸರನ್ನೇ ಆರಿಸಿದ್ದೀರೋ ಖಚಿತಪಡಿಸಿಕೊಳ್ಳಿ. ನೆಟ್‌ವರ್ಕ್ ಆಗಿರುವ ಪರದೆಗಳು ಹಿಂಬದಿಯ ಆಳವನ್ನೇ ತೋರಿಸುತ್ತಿರಬಹುದು. ನೀವು ಗಾಳ ಬಿಡುತ್ತಿರುವ ಜಾಗಕ್ಕೂ ಅದಕ್ಕೂ ಒಂದು ಬೋಟಿನಷ್ಟು ದೂರ. ಟ್ರಾನ್ಸ್‌ಡ್ಯೂಸರ್ ನೀರಿನಲ್ಲಿ ಎಷ್ಟು ಆಳಕ್ಕಿದೆಯೋ ಅಷ್ಟನ್ನು ಮೆನುವಿನ ಆಫ್‌ಸೆಟ್ಟಿನಲ್ಲಿ (ಆಳದ ತಿದ್ದುಪಡಿಯಲ್ಲಿ) ಸೇರಿಸಿ. 200 ಕಿಲೋಹರ್ಟ್ಸ್‌ನ 20 ಡಿಗ್ರಿ ಕಿರಣ 20 ಅಡಿ ಆಳದಲ್ಲಿ ಸುಮಾರು 7 ಅಡಿ ಅಗಲದ ವೃತ್ತ ನೋಡುತ್ತದೆ, 83ರ 60 ಡಿಗ್ರಿ ಕಿರಣ 23 ಅಡಿ. ದಿಮ್ಮಿಯ ಪಕ್ಕ ನಿಂತ ಮೀನು ಹುಡುಕಲು ಮೊದಲನೆಯದು ಮೇಲು. ಬದಿನೋಟದ ಸೈಡ್ ಇಮೇಜಿಂಗ್ ಮೋಟಾರಿನಲ್ಲಿದ್ದರೆ ನೇರ ಸಾಗುವಾಗ ಮಾತ್ರ ಚಿತ್ರ ನಂಬಿ. ಮೋಟಾರ್ ತಿರುಗಿದಷ್ಟೂ ಚಿತ್ರ ಸೊಟ್ಟಗಾಗುತ್ತದೆ.

ಆಗಾಗ ಪ್ರೊಪೆಲ್ಲರ್ ಬಿಚ್ಚಿ ಅದರ ಹಿಂದೆ ಗಾಳದ ದಾರ ಸುತ್ತಿದೆಯೇ ನೋಡಿ. ದಾರ ಸೀಲನ್ನು ಕೊಯ್ದು ನೀರು ಒಳಹೊಕ್ಕರೆ, ಟ್ರಾನ್ಸ್‌ಡ್ಯೂಸರ್ ಒಳಗೇ ಇರುವ ಮೋಟಾರಿನಲ್ಲಿ ಎರಡಕ್ಕೂ ಒಟ್ಟಿಗೇ ಅಪಾಯ. ಒಳಗಿನ ಟ್ರಾನ್ಸ್‌ಡ್ಯೂಸರ್ ಒಂದೇ ಸತ್ತು ಮೋಟಾರ್ ಗಟ್ಟಿಯಿದ್ದರೆ ಕೆಳಭಾಗ ಬಿಚ್ಚಿಸುವ ಖರ್ಚಿಗೆ ಇಳಿಯಬೇಡಿ. ಹೊರಗಿನ ಒಂದು ಟ್ರಾನ್ಸ್‌ಡ್ಯೂಸರನ್ನು ಸ್ಟೇನ್‌ಲೆಸ್ ಹೋಸ್ ಕ್ಲ್ಯಾಂಪ್‌ನಿಂದ ಮೋಟಾರಿನ ಅಡಿಗೆ ಬಿಗಿದು, ಕೇಬಲನ್ನು ಶಾಫ್ಟಿನ ಉದ್ದಕ್ಕೂ ತಂದರೆ ಸಾಕು. ಸ್ಕ್ರೂ ತಲೆ ಮಾತ್ರ ಪ್ರೊಪೆಲ್ಲರಿನ ಕಡೆಗೆ ಇರದಂತೆ ನೋಡಿಕೊಳ್ಳಿ.